ಮೈದಾ ಅಂಟು

ಮೈದಾಕ್ಕೆ ಚಿಟಿಕೆ ಮೈಲುತುತ್ತ ಹಾಕಬೇಕು,
ಇಲ್ಲದಿದ್ದರೆ ಕಾರವಾರದ ದನಗಳು
ಶುಕ್ರವಾರ ಹಚ್ಚಿದ ನಾಯಕನನ್ನು
ಶನಿವಾರ ಬೆಳಗಾಗುವುದರೊಳಗೆ ಮೇಯ್ದು ಮುಗಿಸುತ್ತವೆ.
ನನಗೆ ಗೊತ್ತಿರುವ ವಿದ್ಯೆ ಇಷ್ಟೇ.
ಉಳಿದದ್ದು ಗೋಡೆಗೆ ಗೊತ್ತು.

ಬಸ್‌ಸ್ಟ್ಯಾಂಡಿನ ಪಕ್ಕದ ಆ ಗೋಡೆಯ ಮೇಲೆ
ಅವಳು ಮೊದಲ ಸಲ ಬಂದಾಗ
ನಾಯಕಿಯ ಮೊಣಕೈ ಹಿಂದೆ ಎಂಟಾಣೆಯಷ್ಟು ಮುಖ,
ಕುಣಿಯುವವರಲ್ಲಿ ಎಡದಿಂದ ಮೂರನೆಯವಳು.
ಗುಲಾಬಿ ಮೀನಿನ ಬುಟ್ಟಿ ಇಳಿಸಿ, "ಖಂಯ್ ಆಸಾ?" ಅಂದಳು.
ತೋರಿಸಿದೆ.
ಸೆರಗಿನ ತುದಿ ಎಂಜಲಲ್ಲಿ ಒದ್ದೆ ಮಾಡಿ
ಮಗಳ ಕೆನ್ನೆಯ ಮೇಲಿನ ನೊಣದ ಹಿಕ್ಕೆ ಒರೆಸಿದಳು.
ಅಂಟು ಇನ್ನೂ ಹಸಿ. ಕೆನ್ನೆಯೇ ಸೆರಗಿಗೆ ಬಂತು.

ಶೇವಂತಿ ತಾಂಡೇಲ, ಕೋಡಿಬಾಗ.
ಏಳನೇ ಇಯತ್ತೆ ನಪಾಸು.
ಭಾನುವಾರದ ಸಂತೆಯಲ್ಲಿ ಅವ್ವನ ಪಕ್ಕ ಕೂತು
ಒಣ ಸುಂಗಟ ಅಳೆಯುತ್ತಿದ್ದವಳು ಎದ್ದು
ಗಿರಾಕಿಗಳ ನಡಿಗೆ ಗಿರಾಕಿಗಳೆದುರೇ ನಡೆದು ತೋರಿಸುತ್ತಿದ್ದಳು.
ಮಾಮಲೇದಾರರ ಹೆಂಡತಿ ನಕ್ಕು ನಕ್ಕು
ಎರಡು ಸೇರು ಹೆಚ್ಚಿಗೆ ಒಯ್ದಳು.
ಆಗಬೋಟಿ ಹತ್ತಿದ್ದು ಮಜಗಾಂವಿನ ಮಾವಶಿಯ ಮನೆಗೆ,
ಅವಳ ಕೂಸು ನೋಡಿಕೊಳ್ಳಲು.
ನಟಿಯಾಗುತ್ತೇನೆಂದು ಹೇಳಿ
ಇಲ್ಲಿಂದ ಯಾರೂ ಹೋಗುವುದಿಲ್ಲ.

ಆಮೇಲಿನದು ಗೋಡೆ ಹೇಳಿದ ಕತೆ.
ಎಂಟಾಣೆ ಬಟ್ಟಲಾಯಿತು, ಬಟ್ಟಲು ತಾಟಾಯಿತು.
ಒಂದು ದೀಪಾವಳಿಗೆ ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ಸುರುಳಿ
ಬಿಚ್ಚಿದರೆ ಆರು ಹಾಳೆ, ಆರರಲ್ಲೂ ಅವಳೇ.
ಏಣಿ ಹತ್ತಿ ಮೊದಲು ಹಣೆ ಹಚ್ಚಿದೆ,
ಆಮೇಲೆ ಕಣ್ಣು, ಒಂದಾದ ಮೇಲೊಂದು.
ತುಟಿ ಕೂಡಿಸುವಾಗ
ಸೋಡಾ ಅಂಗಡಿಯ ಹುಡುಗರು ಸಿಳ್ಳೆ ಹೊಡೆದರು.
ಕೆಳಗೆ ಹೆಸರು: ಕುಮಾರಿ ಮೃದುಲಾ.
ತಾಂಡೇಲ ಇರಲಿಲ್ಲ.
ತಾಂಡೇಲ ಅಂದರೆ ಚುಕ್ಕಾಣಿ ಹಿಡಿಯುವವ;
ಅವನನ್ನೇ ಇಳಿಸಿ ದೋಣಿ ಮುಂದೆ ಹೋಗಿತ್ತು.

ಗುಲಾಬಿ ಬಹಳ ಹೊತ್ತು ನೋಡಿದಳು.
"ಗದ್ದದ ಗಾಯ ಎಲ್ಲಿ?"
ಆರು ವರ್ಷದವಳಿದ್ದಾಗ, ಇಸವಣ ಹೆಚ್ಚುತ್ತಿದ್ದ
ಮೆಟ್ಟುಗತ್ತಿಯ ಮೇಲೆ ಮುಗ್ಗರಿಸಿದ್ದು.
ಹುಡುಕಿದೆ. ಅಷ್ಟಗಲದ ಗದ್ದ,
ನನ್ನ ಏಣಿಯ ನಾಲ್ಕು ಮೆಟ್ಟಿಲು,
ಒಂದು ಗೀರಿಲ್ಲ.

ಹದಿನಾಲ್ಕನೆಯ ಸಿನಿಮಾಕ್ಕೆ ಅವರೇ ಬಂದರು ನಮ್ಮ ದಂಡೆಗೆ,
ಕಾರವಾರದ ಬಿಸಿಲು ಸಾಲದೆಂದು
ಎರಡು ಲಾರಿ ಕನ್ನಡಿ ಹೇರಿಕೊಂಡು.
ಅವಳದ್ದು ಮೀನುಗಾರನ ಮಗಳ ಪಾತ್ರ.
ಬಾಂದ್ರಾದವನೊಬ್ಬ, ಬೂಟು ಕಳಚದೆ ಮರಳಲ್ಲಿ ನಿಂತು,
ಬುಟ್ಟಿ ಹೊರುವುದು ಹೇಗೆಂದು ಅವಳಿಗೆ ಕಲಿಸಿದ.
ಕಲಿತಳು. ಅವನ ತಪ್ಪನ್ನೂ ತಪ್ಪಿಲ್ಲದೆ ಕಲಿತಳು;
ಒಳ್ಳೆಯ ನಟಿ.
ಹಗ್ಗದ ಈಚೆ ಊರೆಲ್ಲ.
ಗುಲಾಬಿಗೆ ತಡೆಯಲಾಗಲಿಲ್ಲ:
"ಗೇ ಶೇವಂತಿ! ಸಿಂಬಿ ಇಲ್ಲದೆ
ಯಾವಳು ಹೊರುತ್ತಾಳೆ ಬುಟ್ಟಿ?"

ಕ್ಯಾಮೆರಾ ತಿರುಗುತ್ತಲೇ ಇತ್ತು.
ಅವಳು ನಿಂತಳು. ಕೈ ತಾನಾಗಿ ಸೆರಗಿಗೆ ಹೋಯಿತು,
ಎರಡು ಸುತ್ತು, ಸಿಂಬಿ; ಬುಟ್ಟಿ ಏರಿತು;
ಎರಡೂ ಕೈ ಬಿಟ್ಟು
ನಡೆದಳು ನೀರಿನಂಚಿನವರೆಗೆ,
ಹಿಂದೆ ನೋಡದೆ.

ಆ ನಡಿಗೆ ಸಿನಿಮಾದಲ್ಲಿಲ್ಲ.
ಏಳು ಸಲ ನೋಡಿದ್ದೇನೆ, ಪುಕ್ಕಟೆ ಪಾಸು.
ಮುಂಬಯಿಯಲ್ಲಿ ಇಪ್ಪತ್ತೈದು ವಾರ ಓಡಿತಂತೆ.
ನಮ್ಮಲ್ಲಿ ಎರಡು.
ಇಲ್ಲಿಯವರಿಗೆ ಬುಟ್ಟಿಯ ವಿಷಯ ಗೊತ್ತಿತ್ತು.

ಅದರ ಪೋಸ್ಟರು ಹಚ್ಚಿದ ದಿನ ಕಡಲ ಗಾಳಿ ಜೋರು.
ಗದ್ದದ ಹಾಳೆಯಲ್ಲಿ ಒಂದು ಸುಕ್ಕು ಬಿತ್ತು,
ಓರೆಯಾಗಿ, ಬೆರಳುದ್ದ.
ಅಂಗೈಯಲ್ಲಿ ಒಮ್ಮೆ ಒತ್ತಿದರೆ ಹೋಗುವಂಥದು,
ಮೂವತ್ತು ವರ್ಷ ಪಳಗಿದ ಕೈ.
ಒತ್ತಲಿಲ್ಲ.
ಬೈತಕೋಲದ ಗೋಡೆ ಇನ್ನೂ ಬಾಕಿ ಇತ್ತು.